ಹೀಟರ್ ನಿಯಂತ್ರಣ ಮತ್ತು ತಾಪಮಾನ ದಾಖಲೆ: ಒಂದೇ ಥರ್ಮೋಕಪಲ್ ಸಾಕೇ?

ಗೋಪನಕೊಪ್ಪ, ಗೋಕುಲ ರಸ್ತೆ, ತಾರಿಹಾಳ ಮುಂತಾದ ಕಡೆ ವಿದ್ಯುತ್ ಒಲೆಯನ್ನಿಟ್ಟು ಬಿಡಿಭಾಗಗಳ ಉಷ್ಣೋಪಚಾರ ಮಾಡುವ ಸಣ್ಣ ಉದ್ಯಮಿಯನ್ನು ದೊಡ್ಡ ಗ್ರಾಹಕರು ಇಂದು ಮಾಲಿನ ಜೊತೆಗೆ ತಾಪಮಾನದ ದಾಖಲೆಯನ್ನೂ ಕೇಳುತ್ತಾರೆ. ವಾಹನೋದ್ಯಮದ ಸಿಕ್ಯೂಐ-9 ಮಾರ್ಗಸೂಚಿಯು 2006ರಲ್ಲಿ ಮೊದಲು ಪ್ರಕಟವಾದಂದಿನಿಂದ ಈ ಬೇಡಿಕೆ ಬಿಗಿಯಾಗುತ್ತಲೇ ಬಂದಿದೆ. ಆಗ ಉದ್ಯಮಿಗೆ ತೋಚುವ ಸುಲಭೋಪಾಯವೆಂದರೆ, ನಿಯಂತ್ರಕಕ್ಕೆ ಬರುತ್ತಿರುವ ಥರ್ಮೋಕಪಲ್‌ನ ಎರಡು ತಂತಿಗಳನ್ನೇ ಕವಲೊಡೆಸಿ ಡೇಟಾ ಲಾಗರ್‌ಗೂ ಜೋಡಿಸುವುದು. ಈ ಉಳಿತಾಯ ಎಷ್ಟು ದುಬಾರಿಯಾಗಬಲ್ಲದೆಂಬುದನ್ನು ಇಲ್ಲಿ ಪರಿಶೀಲಿಸೋಣ.

ಮೂಲತತ್ತ್ವ

ಎರಡು ಭಿನ್ನ ಲೋಹಗಳ ಸಂಧಿಗಳ ನಡುವೆ ಉಷ್ಣಾಂತರವಿದ್ದರೆ ವಿದ್ಯುತ್ ಪರಿಣಾಮ ತೋರುವುದೆಂಬುದನ್ನು ಜರ್ಮನಿಯ ವಿಜ್ಞಾನಿ ಸೀಬೆಕ್ 1821ರಲ್ಲಿ ಕಂಡುಕೊಂಡನು. ನಮ್ಮಲ್ಲಿ ಬಹಳ ಬಳಕೆಯಲ್ಲಿರುವ 'ಕೆ' ಮಾದರಿಯಲ್ಲಿ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ದೊರೆಯುವುದು ಸುಮಾರು 41 ಮೈಕ್ರೋವೋಲ್ಟ್ ಮಾತ್ರ. ಥರ್ಮೋಕಪಲ್ ಅಳೆಯುವುದು ಉಷ್ಣಾಂತರವನ್ನು. ಆದ್ದರಿಂದ ಉಪಕರಣವು ತನ್ನ ಟರ್ಮಿನಲ್‌ನ ಉಷ್ಣತೆಯನ್ನು ಪ್ರತ್ಯೇಕವಾಗಿ ಅಳೆದು ಕೂಡಿಸಿಕೊಳ್ಳಬೇಕು. ಇದಕ್ಕೆ ಕೋಲ್ಡ್ ಜಂಕ್ಷನ್ ಪರಿಹಾರವೆನ್ನುವರು.

ಕವಲು ತಂತಿಯ ದೋಷಗಳು

ಮೊದಲನೆಯದು: ಥರ್ಮೋಕಪಲ್ ತುಂಡಾದರೆ ತಿಳಿಯಲೆಂದು ಅನೇಕ ಉಪಕರಣಗಳು ತಂತಿಯಲ್ಲಿ ಅತ್ಯಲ್ಪ ವಿದ್ಯುತ್ ಹರಿಸುತ್ತವೆ. 100 ಓಮ್ ರೋಧವುಳ್ಳ ತಂತಿಯಲ್ಲಿ 1 ಮೈಕ್ರೋಆಂಪಿಯರ್ ಹರಿದರೆ 100 ಮೈಕ್ರೋವೋಲ್ಟ್, ಅಂದರೆ ಸುಮಾರು 2.5 ಡಿಗ್ರಿಗಳ ದೋಷ ಸೇರುತ್ತದೆ. ಎರಡನೆಯ ಉಪಕರಣವೂ ಅದೇ ತಂತಿಯಲ್ಲಿದ್ದರೆ ಒಂದರ ವಿದ್ಯುತ್ ಇನ್ನೊಂದರ ಓದಿಕೆಯನ್ನು ಕೆಡಿಸುತ್ತದೆ.

ಎರಡನೆಯದು ಇನ್ನೂ ಅಪಾಯಕಾರಿ. ಥರ್ಮೋಕಪಲ್ ತುಂಡಾದಾಗ ಒಂದು ಉಪಕರಣವು ಓದಿಕೆಯನ್ನು ಮೇಲಕ್ಕೂ, ಇನ್ನೊಂದು ಕೆಳಕ್ಕೂ ಎಳೆಯುವಂತಿದ್ದರೆ ನಿಯಂತ್ರಕಕ್ಕೆ ಸುಳ್ಳು ಉಷ್ಣತೆ ಕಾಣಬಹುದು. ಅದು ಕಡಿಮೆ ಕಂಡಲ್ಲಿ ಹೀಟರ್ ಪೂರ್ಣಶಕ್ತಿಯಲ್ಲಿ ಉರಿಯುತ್ತಲೇ ಇರುತ್ತದೆ.

ಮೂರನೆಯದು: ಲಾಗರ್‌ಗೆ ಜೋಡಿಸಿದ ಕಂಪ್ಯೂಟರ್ ಭೂಸಂಪರ್ಕ ಹೊಂದಿದ್ದು, ಥರ್ಮೋಕಪಲ್ ತುದಿಯೂ ಕವಚಕ್ಕೆ ತಾಗಿದ್ದರೆ, ಎರಡು ಭೂಸಂಪರ್ಕಗಳ ನಡುವೆ ವಿದ್ಯುತ್ ಹರಿದು ಅಂಕಿಗಳು ತೂಗಾಡುತ್ತವೆ.

ಸಾಕ್ಷಿಯಿಲ್ಲದ ದಾಖಲೆ

ಇವೆಲ್ಲಕ್ಕಿಂತ ಮುಖ್ಯವಾದುದೊಂದಿದೆ. ಥರ್ಮೋಕಪಲ್‌ನ ತಲೆಯಿಂದ ಪ್ಯಾನೆಲ್‌ವರೆಗಿನ ತಂತಿಯನ್ನು ಎರಡೂ ತುದಿಗಳಲ್ಲಿ ಅದಲುಬದಲಾಗಿ ಜೋಡಿಸಲಾಗಿದೆಯೆಂದಿಟ್ಟುಕೊಳ್ಳಿ. ಅಮೆರಿಕದ ವರ್ಣಪದ್ಧತಿಯಲ್ಲಿ ಕೆಂಪು ತಂತಿ ಋಣಾತ್ಮಕವಾದುದರಿಂದ, ಕೆಂಪನ್ನು ಧನವೆಂದೇ ಬಗೆಯುವ ನಮ್ಮ ಎಲೆಕ್ಟ್ರಿಷಿಯನ್‌ಗಳು ಈ ತಪ್ಪನ್ನು ಸಹಜವಾಗಿಯೇ ಮಾಡಬಹುದು. ತಲೆಯ ಬಳಿ 60 ಡಿಗ್ರಿ, ಪ್ಯಾನೆಲ್‌ನಲ್ಲಿ 35 ಡಿಗ್ರಿ ಇದ್ದರೆ, ಅಂತರದ ಇಮ್ಮಡಿ, ಅಂದರೆ ಸುಮಾರು 50 ಡಿಗ್ರಿ, ಓದಿಕೆಯಲ್ಲಿ ಕಡಿಮೆಯಾಗುತ್ತದೆ. ನಿಯಂತ್ರಕವು 500 ಡಿಗ್ರಿ ತೋರಿಸುವಾಗ ಒಲೆಯೊಳಗೆ 550 ಇರುತ್ತದೆ. ಅದೇ ತಂತಿಯಿಂದ ಓದುವ ಲಾಗರ್ ಕೂಡ 500 ಎಂದೇ ಬರೆಯುತ್ತದೆ. ಮಾಲು ತಿರಸ್ಕೃತವಾದಾಗ ಕಡತದಲ್ಲಿ ನೇರವಾದ, ಸುಂದರವಾದ ರೇಖೆಯಿರುತ್ತದೆ. ಆದರೆ ಅದು ಏನನ್ನೂ ಸಾಬೀತುಪಡಿಸದು. ಕೆಲಸ ಮಾಡುವವನೂ ಸಾಕ್ಷಿ ಹೇಳುವವನೂ ಒಬ್ಬನೇ ಆದರೆ ಲೆಕ್ಕ ತಪಾಸಣೆಗೆ ಅರ್ಥವೆಲ್ಲಿ?

ಅನುಸರಿಸಬೇಕಾದ ಕ್ರಮ

1. ಡ್ಯುಪ್ಲೆಕ್ಸ್ ಥರ್ಮೋಕಪಲ್ ಬಳಸಿರಿ. ಒಂದೇ ಕವಚದಲ್ಲಿ ಪರಸ್ಪರ ಬೇರ್ಪಟ್ಟ ಎರಡು ಜೋಡಿಗಳಿರುವುದರಿಂದ ಒಲೆಗೆ ಮತ್ತೊಂದು ರಂಧ್ರ ಕೊರೆಯಬೇಕಿಲ್ಲ. ಒಂದು ಜೋಡಿ ನಿಯಂತ್ರಕಕ್ಕೆ, ಇನ್ನೊಂದು ಲಾಗರ್‌ಗೆ. ತಂತಿಗಳೂ ಬೇರೆ ಬೇರೆ ಇರಲಿ. ಎರಡರ ಅಂತರ ದಿನೇದಿನೇ ಹೆಚ್ಚಿದರೆ ಅದೇ ಎಚ್ಚರಿಕೆಯ ಗಂಟೆ.

2. ಒಂದೇ ಥರ್ಮೋಕಪಲ್ ಅನಿವಾರ್ಯವಾದರೆ ನಿಯಂತ್ರಕದ 4-20 ಮಿಲಿಆಂಪಿಯರ್ ನಿರ್ಗಮದಿಂದ ಅಥವಾ ಆರ್‌ಎಸ್-485 ಸಂವಹನದ ಮೂಲಕ ಅಂಕಿಗಳನ್ನು ಪಡೆಯಿರಿ. ಕವಲು ತಂತಿಯ ದೋಷಗಳು ಇದರಿಂದ ತಪ್ಪುತ್ತವೆ. ಸ್ವತಂತ್ರ ಸಾಕ್ಷಿ ಮಾತ್ರ ದೊರೆಯದು.

3. ಅತಿತಾಪ ರಕ್ಷಣೆಗೆ ಪ್ರತ್ಯೇಕ ಥರ್ಮೋಕಪಲ್ ಮತ್ತು ಪ್ರತ್ಯೇಕ ಕಾಂಟ್ಯಾಕ್ಟರ್ ಇರಲೇಬೇಕು. ಸಾಲಿಡ್ ಸ್ಟೇಟ್ ರಿಲೇ ಕೆಟ್ಟಾಗ ಬಹುತೇಕ ಜೋಡಣೆಯ ಸ್ಥಿತಿಯಲ್ಲೇ ಉಳಿಯುತ್ತದೆ. ಆಗ ನಿಯಂತ್ರಕದ ಆಜ್ಞೆಯನ್ನು ಹೀಟರ್ ಕೇಳುವುದಿಲ್ಲ.

4. 'ಕೆ' ಮಾದರಿಗೆ 'ಕೆ' ಮಾದರಿಯದೇ ತಂತಿ ಬಳಸಿರಿ. ತಾಮ್ರದ ತಂತಿ ಸಲ್ಲದು. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಹಸಿರು ಧನ, ಬಿಳಿ ಋಣ.

5. ಲಾಗರ್‌ನ ಪ್ರವೇಶಗಳು ವಿದ್ಯುತ್ ಪ್ರತ್ಯೇಕತೆಯುಳ್ಳವೆಂದು ಖರೀದಿಗೆ ಮುನ್ನವೇ ಖಚಿತಪಡಿಸಿಕೊಳ್ಳಿರಿ.

ದ್ವಿತೀಯ ದರ್ಜೆಯ 'ಕೆ' ಥರ್ಮೋಕಪಲ್‌ಗೆ 2.5 ಡಿಗ್ರಿ ಅಥವಾ ಓದಿಕೆಯ ಶೇ. 0.75, ಯಾವುದು ಹೆಚ್ಚೋ ಅಷ್ಟು ವ್ಯತ್ಯಾಸ ಅಂಗೀಕೃತ. ಆದುದರಿಂದ 500 ಡಿಗ್ರಿಯಲ್ಲಿ ಎರಡು ಜೋಡಿಗಳು ಮೂರ್ನಾಲ್ಕು ಡಿಗ್ರಿ ಭಿನ್ನವಾದರೆ ಗಾಬರಿಪಡಬೇಕಿಲ್ಲ. ಆದರೆ ಒಂದೇ ಕವಚದ ಎರಡು ಜೋಡಿಗಳೂ ಒಟ್ಟಿಗೆ ಮುಪ್ಪಾಗುತ್ತವೆಂಬುದನ್ನು ಮರೆಯದೆ, ಎನ್‌ಎಬಿಎಲ್ ಮಾನ್ಯತೆಯುಳ್ಳ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮೂರನೆಯ ಥರ್ಮೋಕಪಲ್‌ನಿಂದ ನಿಯತಕಾಲದಲ್ಲಿ ತಾಳೆ ನೋಡತಕ್ಕದ್ದು. ಹೀಗೆ ಪಡೆದ ದಾಖಲೆಯನ್ನು ಗ್ರಾಹಕನ ಮುಂದೆ ನಿಶ್ಚಿಂತೆಯಿಂದ ಇಡಬಹುದು.