‘ಬೋರ್ಡ್’ ಎಂಬ ಪದದ ಅರ್ಥವಿಸ್ತಾರ

ಆಂಗ್ಲ ಭಾಷೆಯನ್ನು ಕಲಿಯುವ ನಮ್ಮ ವಿದ್ಯಾರ್ಥಿಗಳಿಗೆ ಕಠಿಣ ಪದಗಳಿಗಿಂತ ಸುಲಭ ಪದಗಳೇ ಹೆಚ್ಚು ತೊಡಕನ್ನುಂಟುಮಾಡುತ್ತವೆ. ಕಠಿಣ ಪದ ಎದುರಾದಾಗ ವಿದ್ಯಾರ್ಥಿಯು ನಿಘಂಟನ್ನು ತೆರೆಯುತ್ತಾನೆ. ಸುಲಭ ಪದವನ್ನಾದರೋ ತಾನು ಬಲ್ಲೆನೆಂದು ಭಾವಿಸಿ ಮುಂದೆ ಸಾಗುತ್ತಾನೆ. ಹಿಂದೊಮ್ಮೆ ನನ್ನ ತರಗತಿಯಲ್ಲಿ ‘ಬೋರ್ಡ್ ಅಂಡ್ ಲಾಡ್ಜಿಂಗ್’ ಎಂಬುದನ್ನು ಒಬ್ಬ ಬಾಲಕನು ‘ಹಲಗೆ ಮತ್ತು ವಸತಿ’ ಎಂದು ಭಾಷಾಂತರಿಸಿದನು. ತರಗತಿಯೆಲ್ಲ ನಕ್ಕಿತು. ಆತನು ಬೋರ್ಡಿಂಗಿನಲ್ಲಿದ್ದುಕೊಂಡೇ ಓದುತ್ತಿದ್ದವನು; ತಾನು ದಿನವೂ ಉಣ್ಣುವ ಸ್ಥಳದ ಹೆಸರಿನೊಳಗೇ ಆ ಪದವಿರುವುದನ್ನು ಗುರುತಿಸಿರಲಿಲ್ಲ. ತಪ್ಪು ಅವನದಲ್ಲ, ಒಂದು ಪದಕ್ಕೆ ಒಂದೇ ಅರ್ಥವನ್ನು ಬಾಯಿಪಾಠ ಮಾಡಿಸಿದ್ದ ನನ್ನದು. ವಿಚಾರ ಮಾಡಿದರೆ, ನಕ್ಕವರೆಲ್ಲರಿಗಿಂತ ಅವನೇ ಆ ಪದದ ಮೂಲಕ್ಕೆ ಸಮೀಪದಲ್ಲಿದ್ದನು.

‘ಬೋರ್ಡ್’ ಎಂಬುದಕ್ಕೆ ಪ್ರಾಚೀನ ಆಂಗ್ಲದಲ್ಲಿ ಮರದ ಹಲಗೆ ಎಂಬುದು ಒಂದು ಮುಖ್ಯಾರ್ಥ. ಕಾವ್ಯಗಳಲ್ಲಿ ಗುರಾಣಿ ಎಂಬ ಅರ್ಥವೂ ಇದಕ್ಕುಂಟು. ನಮ್ಮ ಸಂಸ್ಕೃತದ ‘ಫಲಕ’ ಶಬ್ದಕ್ಕೂ ಹಲಗೆ, ಗುರಾಣಿ ಎಂಬ ಎರಡು ಅರ್ಥಗಳಿರುವುದು ಗಮನಾರ್ಹ. ‘ಫಲಕ’ದ ತದ್ಭವವೇ ‘ಹಲಗೆ’ ಎಂಬುದನ್ನು ಓದುಗರು ಬಲ್ಲರು. ಹಡಗಿನ ಪಕ್ಕ ಅಥವಾ ಅಂಚು ಎಂಬರ್ಥದ ಇನ್ನೊಂದು ಪುರಾತನ ಶಬ್ದವೂ ‘ಬೋರ್ಡ್’ನಲ್ಲಿ ಬೆರೆತಿದೆ. ಆದ್ದರಿಂದಲೇ ಹಡಗನ್ನೇರುವುದಕ್ಕೂ, ಇಂದು ರೈಲು ವಿಮಾನಗಳನ್ನೇರುವುದಕ್ಕೂ ಇದೇ ಪದವು ಕ್ರಿಯಾಪದವಾಗಿ ಬಳಕೆಯಲ್ಲಿದೆ. ಚುಕ್ಕಾಣಿಯ ಹುಟ್ಟು ಇರುತ್ತಿದ್ದ ಬಲಪಕ್ಕವು ‘ಸ್ಟಾರ್‌ಬೋರ್ಡ್’ ಎನಿಸಿತು. ಎಡಪಕ್ಕಕ್ಕಿದ್ದ ‘ಲಾರ್‌ಬೋರ್ಡ್’ ಎಂಬ ಹೆಸರು ಬಲದ ಹೆಸರಿನಂತೆಯೇ ಕೇಳಿಸಿ ಗೊಂದಲವಾಗುತ್ತಿದ್ದುದರಿಂದ, 1844ರಲ್ಲಿ ಬ್ರಿಟಿಷ್ ನೌಕಾಡಳಿತವು ಅದರ ಬದಲು ‘ಪೋರ್ಟ್’ ಎನ್ನಬೇಕೆಂದು ಆಜ್ಞೆ ಹೊರಡಿಸಿತು. ಪದಗಳ ಸ್ಪಷ್ಟತೆ ಪಂಡಿತರ ವಿನೋದ ಮಾತ್ರವಲ್ಲ, ಪ್ರಾಣರಕ್ಷಣೆಯ ವಿಷಯವೂ ಹೌದೆಂಬುದಕ್ಕೆ ಇದೊಂದು ನಿದರ್ಶನ.

ಇನ್ನು ಹಲಗೆಯಿಂದ ಅನ್ನಕ್ಕೆ ಬರೋಣ. ಮಧ್ಯಯುಗದ ಇಂಗ್ಲೆಂಡಿನ ಮನೆಗಳಲ್ಲಿ ಊಟದ ಹೊತ್ತಿಗೆ ಕಾಲ್ಮಣೆಗಳಂತಹ ಆಧಾರಗಳ ಮೇಲೆ ಉದ್ದನೆಯ ಹಲಗೆಯನ್ನಿರಿಸಿ, ಊಟವಾದ ಬಳಿಕ ತೆಗೆದಿಡುವ ಪದ್ಧತಿಯಿತ್ತು. ಹೀಗೆ ಹಲಗೆಯೇ ಮೇಜಾಯಿತು. ಮೇಜಿನ ಹೆಸರೇ ಅದರ ಮೇಲೆ ಬಡಿಸಿದ ಆಹಾರಕ್ಕೂ ಸಂದಿತು. ‘ಬೋರ್ಡ್ ಅಂಡ್ ಲಾಡ್ಜಿಂಗ್’ ಎಂದರೆ ಊಟ ಮತ್ತು ವಸತಿ. ‘ಬೋರ್ಡರ್’ ಎಂದರೆ ಹಾಗೆ ಉಂಡು ತಂಗುವವನು. ಪಾತ್ರೆಗಳನ್ನಿಡುವ ‘ಕಪ್‌ಬೋರ್ಡ್’ ಕೂಡ ಮೊದಲಿಗೆ ಬಟ್ಟಲುಗಳನ್ನು ಜೋಡಿಸಿಡುವ ತೆರೆದ ಹಲಗೆಯೇ ಆಗಿತ್ತು.

ಅದೇ ಮೇಜಿನ ಸುತ್ತ ಕುಳಿತು ಆಲೋಚನೆ ಮಾಡುವವರ ಗುಂಪಿಗೂ ಕಾಲಕ್ರಮದಲ್ಲಿ ‘ಬೋರ್ಡ್’ ಎಂಬ ಹೆಸರೇ ನಿಂತಿತು. ಈ ಅರ್ಥವು ನಮ್ಮ ದೇಶಕ್ಕೆ ಆಡಳಿತದೊಡನೆ ಬಂದಿತು. ಈಸ್ಟ್ ಇಂಡಿಯಾ ಕಂಪನಿಯ ಮೇಲ್ವಿಚಾರಣೆಗಾಗಿ 1784ರಲ್ಲಿ ಲಂಡನ್ನಿನಲ್ಲಿ ‘ಬೋರ್ಡ್ ಆಫ್ ಕಂಟ್ರೋಲ್’ ರಚಿತವಾಯಿತು. 1786ರಲ್ಲಿ ಮದರಾಸಿನ ‘ಬೋರ್ಡ್ ಆಫ್ ರೆವಿನ್ಯೂ’ ಬಂದಿತು. 1840ರಲ್ಲಿ ಮುಂಬಯಿ ಪ್ರಾಂತದಲ್ಲಿ ‘ಬೋರ್ಡ್ ಆಫ್ ಎಜುಕೇಶನ್’ ಆರಂಭವಾಯಿತು. ಧಾರವಾಡ, ಬೆಳಗಾವಿಗಳು ಆಗ ಆ ಪ್ರಾಂತಕ್ಕೇ ಸೇರಿದ್ದವು. ಕನ್ನಡದಲ್ಲಿ ಇಂತಹ ಸಮಿತಿಯನ್ನು ‘ಮಂಡಳಿ’ ಎನ್ನುತ್ತೇವೆ. ಆಂಗ್ಲರು ನಡುವಿನ ಹಲಗೆಯಿಂದ ಹೆಸರಿಟ್ಟರೆ, ನಾವು ಸುತ್ತ ಕುಳಿತವರ ವರ್ತುಲದಿಂದ ಹೆಸರಿಟ್ಟೆವು.

ನುಡಿಗಟ್ಟುಗಳಲ್ಲಿಯೂ ಮೂಲಾರ್ಥವು ಉಳಿದಿದೆ. ‘ಅಬೋವ್ ಬೋರ್ಡ್’ ಎಂದರೆ ನಿಷ್ಕಪಟವಾದದ್ದು. ಇಸ್ಪೀಟಾಡುವವನು ಕೈಗಳನ್ನು ಮೇಜಿನ ಮೇಲೆಯೇ ಇಟ್ಟುಕೊಂಡರೆ ಮೋಸಕ್ಕೆ ಆಸ್ಪದವಿಲ್ಲವೆಂಬ ಭಾವದಿಂದ ಇದು ಬಂದಿತೆನ್ನುತ್ತಾರೆ. ‘ಬೋರ್ಡು’ಗಳನ್ನು ತುಳಿಯುವುದೆಂದರೆ ರಂಗಭೂಮಿಯಲ್ಲಿ ನಟಿಸುವುದು, ರಂಗದ ನೆಲವೂ ಹಲಗೆಯದೇ. ಒಂದು ಪದದ ಮೂಲಾರ್ಥವನ್ನು ಕಂಡುಕೊಂಡ ವಿದ್ಯಾರ್ಥಿಯು ಹತ್ತು ಅರ್ಥಗಳನ್ನು ಪ್ರತ್ಯೇಕವಾಗಿ ಕಂಠಸ್ಥ ಮಾಡಬೇಕಾಗಿಲ್ಲ. ಪ್ರಯೋಗಗಳೆಲ್ಲ ಒಂದೇ ಗಿಡದ ಕೊಂಬೆಗಳಂತೆ ಅವನಿಗೆ ತೋರುತ್ತವೆ. ಅಧ್ಯಾಪಕ ಬಂಧುಗಳು ಪದಪಟ್ಟಿಗಿಂತ ಈ ಕ್ರಮಕ್ಕೆ ಪ್ರಾಶಸ್ತ್ಯ ಕೊಡಬೇಕೆಂದು ನನ್ನ ವಿನಂತಿ.

ಆದರೆ ಎಲ್ಲ ಪದಗಳೂ ತಮ್ಮ ಭಾವವನ್ನು ಪೂರ್ಣವಾಗಿ ದಾಟಿಸಲಾರವು. ನಮ್ಮ ನಾಡಿನಲ್ಲಿ ಮಠಗಳು ನಡೆಸಿದ ವಿದ್ಯಾರ್ಥಿನಿಲಯಗಳನ್ನು ಜನರು ‘ಬೋರ್ಡಿಂಗ್’ ಎಂದೇ ಕರೆದರು. ಮಠವಾದರೋ ‘ಪ್ರಸಾದ ನಿಲಯ’ವೆಂದಿತು. ಇವೆರಡೂ ಒಂದೇ ಅಲ್ಲ. ಆಂಗ್ಲದ ‘ಬೋರ್ಡರ್’ ಸಾಮಾನ್ಯವಾಗಿ ಹಣ ತೆತ್ತು ಉಣ್ಣುವವನು. ತೆರದವನಿಗಾಗಿ ಅಲ್ಲಿ ‘ಫ್ರೀ’ ಎಂಬ ವಿಶೇಷಣವನ್ನು ಸೇರಿಸಬೇಕಾಗುತ್ತದೆ. ಪ್ರಸಾದಕ್ಕೆ ಬೆಲೆಯೆಂಬುದೇ ಇಲ್ಲ. ಆದ್ದರಿಂದ ‘ಉಚಿತ’ವೆಂಬ ಮಾತೂ ಅದಕ್ಕೆ ಬೇಕಿಲ್ಲ. ಬಿಟ್ಟಿ ಅನ್ನವೆಂದು ಉಂಡ ಬಾಲಕನು ತಲೆತಗ್ಗಿಸಿ ಏಳುತ್ತಾನೆ. ಪ್ರಸಾದವೆಂದು ಸ್ವೀಕರಿಸಿದವನು ತಲೆಯೆತ್ತಿ ನಡೆಯುತ್ತಾನೆ. ನೀಡಿದವನಿಗೂ ಉಂಡವನಿಗೂ ನಡುವೆ ಮೇಲುಕೀಳಿಲ್ಲವೆಂಬುದೇ ದಾಸೋಹದ ತಿರುಳು. ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳವರು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಜಾತಿಮತಗಳ ಭೇದವೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರಗಳನ್ನು ನೀಡಿದುದು ಈ ತತ್ತ್ವದ ಉಜ್ವಲ ದೃಷ್ಟಾಂತ.

ಶಾಲೆಯೊಂದರಲ್ಲಿ ಈ ಪದದ ಮೂರು ಅರ್ಥಗಳು ಒಂದೆಡೆ ಸೇರಿವೆ: ಉಪಾಧ್ಯಾಯನ ಬೆನ್ನ ಹಿಂದಿನ ಕರಿಹಲಗೆ, ಮಗುವಿನ ಮುಂದಿನ ಅನ್ನ, ಹಿರಿಯರು ಕುಳಿತು ಆಲೋಚಿಸುವ ಆಡಳಿತ ಮಂಡಳಿ. ಇವು ಒಂದನ್ನೊಂದು ಮರೆತಾಗ ಸಂಸ್ಥೆಯು ಹೊರಗೋಡೆಯ ಮೇಲಿನ ನಾಮಫಲಕವಾಗಿ ಮಾತ್ರ ಉಳಿಯುತ್ತದೆ. ಮಂಡಳಿಯ ಮುಂದೆ ಬರುವ ಪ್ರತಿಯೊಂದು ಲೆಕ್ಕದ ಹಿಂದೆಯೂ ಒಂದು ತುತ್ತು, ಒಂದು ಪಾಠ ಇವೆಯೆಂಬ ಅರಿವು ನಮ್ಮೆಲ್ಲರಲ್ಲಿಯೂ ಇರಲಿ. ‘ಹಲಗೆ ಮತ್ತು ವಸತಿ’ ಎಂದು ಬರೆದ ಆ ಬಾಲಕನಿಗೆ ನಾನು ಅಂದು ಅಂಕ ಕೊಡಲಿಲ್ಲ. ಅವನ ಉತ್ತರವು ನನಗೆ ಕಲಿಸಿದ ಪಾಠವನ್ನು ಇಲ್ಲಿ ನಿವೇದಿಸಿ ಆ ಋಣವನ್ನು ಕಿಂಚಿತ್ತಾದರೂ ತೀರಿಸಿದ್ದೇನೆ.