ಬಾಳೆಗೆ ಮೊದಲು ಗಾಳಿತಡೆ

ತಮ್ಮಾ, ಚಿತ್ರದುರ್ಗದ ಸೀಮೆಯಲ್ಲಿ ಎರಡು ಎಕರೆ ತಗೊಂಡೆ, ಕೊಳವೆಬಾವಿಯಲ್ಲಿ ನೀರೂ ಬಿತ್ತು ಅಂದಾಗ ತುಂಬ ಸಂತೋಷವಾಯಿತು. ಬಾಳೆ, ಪಪ್ಪಾಯಿ ಇಡುವ ಆಸೆ ನಿನ್ನದು. ಇಡು. ಆದರೆ ಆ ಸೀಮೆಯ ಗುಡ್ಡಗಳ ನೆತ್ತಿಯಲ್ಲಿ ಅಷ್ಟೊಂದು ಗಾಳಿಯಂತ್ರಗಳನ್ನು ಯಾಕೆ ನಿಲ್ಲಿಸಿದ್ದಾರೆ ಅಂತ ಒಮ್ಮೆ ಯೋಚಿಸು. ಆಷಾಢದಲ್ಲಿ ಅವನ್ನು ತಿರುಗಿಸುವ ಗಾಳಿಯೇ ನಿನ್ನ ತೋಟದ ಮೇಲೂ ಹಾಯುತ್ತದೆ. ಗೊನೆ ಹೊತ್ತ ಬಾಳೆ ಮುರಿದು ಬಿದ್ದರೆ ಆ ನಷ್ಟ ಕಣ್ಣಿಗೆ ಕಾಣುತ್ತದೆ. ಎಲೆ ಚಿಂದಿಯಾಗುವುದು, ಹೂವು ಉದುರುವುದು, ಡ್ರಿಪ್‌ನಲ್ಲಿ ಕೊಟ್ಟ ನೀರು ಆರಿಹೋಗುವುದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಕಾಂಪೌಂಡ್ ಗೋಡೆ ಎತ್ತರಿಸುವ ಯೋಚನೆ ಬಿಟ್ಟುಬಿಡು. ಗೋಡೆಗೆ ಬಡಿದ ಗಾಳಿ ಮೇಲೆ ಹಾರಿ, ಹಿಂದುಗಡೆ ಸುಳಿ ಸುತ್ತಿಕೊಂಡು ಬೀಳುತ್ತದೆ. ಮರದ ಸಾಲಾದರೆ ಹಾಗಲ್ಲ. ಹೆಚ್ಚುಕಡಿಮೆ ಅರ್ಧ ಗಾಳಿ ಎಲೆಗಳ ಸಂದಿಯಲ್ಲಿ ನುಸುಳಿ, ಬಿರುಸು ಕಳೆದುಕೊಂಡು ಒಳಗೆ ಬರುತ್ತದೆ. ಮರದ ಎತ್ತರದ ಹತ್ತು ಪಟ್ಟು ದೂರದವರೆಗೆ ಚೆನ್ನಾಗಿಯೇ ರಕ್ಷಣೆ ಸಿಗುತ್ತದೆ. ಅಂದರೆ 30 ಅಡಿ ಮರಕ್ಕೆ 300 ಅಡಿ. ಚೌಕವಾದ ಎರಡು ಎಕರೆಯ ಒಂದು ಬದಿ ಸುಮಾರು 295 ಅಡಿ ಇರುತ್ತದೆ, ಹಾಗಾಗಿ ನಿನಗೆ ಒಂದೇ ಬದಿಯಲ್ಲಿ ಒಳ್ಳೆಯ ಗಾಳಿತಡೆ ಇದ್ದರೆ ಸಾಕು.

ಅದು ಪಡುವಣಕ್ಕಿರಲಿ, ತೆಂಕಣ ಮೂಲೆಗೂ ಸ್ವಲ್ಪ ತಿರುಗಲಿ. ಅನುಮಾನವಿದ್ದರೆ ಸುತ್ತಲಿನ ಬದುಗಳ ಮೇಲಿನ ಹಳೇ ಬೇವು, ಜಾಲಿ ಯಾವ ಕಡೆಗೆ ವಾಲಿವೆ ನೋಡು. ಸಾಲಿನ ತುದಿಯಲ್ಲಿ ಗಾಳಿ ಬಳಸಿಕೊಂಡು ನುಗ್ಗುವುದರಿಂದ, ಜಾಗವಿರುವಷ್ಟು ತೋಟದ ಅಂಚಿಗಿಂತ ಆಚೆಗೂ ಎಳೆ. ನಡುವೆ ದಾರಿ ಬಿಡಬೇಡ. ಸಾಲಿನಲ್ಲಿ ಒಂದು ಸಂದಿ ಇದ್ದರೆ ಗಾಳಿ ಅಲ್ಲೇ ಇನ್ನಷ್ಟು ಜೋರಾಗಿ ತೂರುತ್ತದೆ. ಗೇಟು ಮೂಡಣಕ್ಕಿರಲಿ.

ಗಿಡಗಳ ಆಯ್ಕೆಗೆ ಆತುರ ಬೇಡ. ಬೇಗ ಬೆಳೆಯುತ್ತದೆಂದು ಒಂದೇ ಜಾತಿಯದನ್ನು ತುಂಬಿಸುವವರನ್ನು ಕಂಡರೆ ನನಗೆ ಸಂಕಟ. ಸರ್ವೆ, ಸಿಲ್ವರ್ ಓಕ್ ಎತ್ತರಕ್ಕೆ ಹೋಗುತ್ತವೆ ನಿಜ, ಆದರೆ ವಯಸ್ಸಾದಂತೆ ಬುಡ ಬೋಳಾಗುತ್ತದೆ, ಗಾಳಿ ಕೆಳಗಿನಿಂದಲೇ ನುಗ್ಗುತ್ತದೆ. ಅದಕ್ಕೇ ಗಾಳಿತಡೆಯನ್ನು ಮೂರು ಸಾಲಾಗಿ ಮಾಡು, ಹೊರಗಿನ ಸಾಲಿಗೆ ಕುರುಚಲು ಇರಬೇಕು: ಲಕ್ಕಿ, ಆಡುಸೋಗೆ, ಕವಳೆ. ಲಕ್ಕಿ, ಆಡುಸೋಗೆಗೆ ಆಡು ಬಾಯಿ ಹಾಕುವುದಿಲ್ಲ, ಕವಳೆಯ ಮುಳ್ಳು ಬೇಲಿಯ ಕೆಲಸವನ್ನೂ ಮಾಡುತ್ತದೆ, ಕಾಯಿ ಉಪ್ಪಿನಕಾಯಿಗೂ ಆದೀತು. ನಡುವಿನ ಸಾಲಿಗೆ ಸರ್ವೆ. ಒಳಗಿನ ಸಾಲಿಗೆ ಬೇವು, ಹೊಂಗೆ, ನೇರಳೆ. ಇವು ನಿಧಾನ, ಆದರೆ ನಿನ್ನ ಮಕ್ಕಳ ಕಾಲಕ್ಕೂ ನಿಂತಿರುತ್ತವೆ. ಅವು ಮೇಲೆದ್ದ ಮೇಲೆ ಸರ್ವೆಯನ್ನು ಒಂದು ಬಿಟ್ಟು ಒಂದರಂತೆ ಕಡಿದು ಗಳಕ್ಕೆ ಮಾರಬಹುದು. ನುಗ್ಗೆ, ಗುಲ್‌ಮೊಹರ್ ಗಾಳಿಗೆ ಸಿಗಿದು ಬೀಳುತ್ತವೆ. ಸುಬಾಬುಲ್ ಬೀಜ ಚೆಲ್ಲಿ ತೋಟವನ್ನೇ ಆಕ್ರಮಿಸುತ್ತದೆ. ನೀಲಗಿರಿ ನೆಡುವುದನ್ನು ಸರ್ಕಾರವೇ 2017ರಲ್ಲಿ ನಿಷೇಧಿಸಿದೆ.

ಒಂದು ಸಾಲಿನ ಎರಡು ಗಿಡಗಳ ಸಂದಿಗೆ ಮುಂದಿನ ಸಾಲಿನ ಗಿಡ ಎದುರಾಗುವಂತೆ ನೆಡು. ಕುರುಚಲಿಗೆ 3 ಅಡಿ, ಸರ್ವೆಗೆ 6 ಅಡಿ, ಬೇವು ಹೊಂಗೆಗೆ 12 ಅಡಿ ಅಂತರ ಸಾಕು. ಬಾಳೆ ಒಳಸಾಲಿನಿಂದ 15 ಅಡಿಯಾದರೂ ದೂರವಿರಲಿ, ನಡುವೆ 3 ಅಡಿ ಆಳದ ಟ್ರೆಂಚ್ ತೆಗೆಸಿದರೆ ಮರದ ಬೇರು ಗೊಬ್ಬರ ಕದಿಯುವುದಿಲ್ಲ. ಪಕ್ಕದವರ ಗಡಿಯಿಂದಲೂ ಒಳಗೆ ಸರಿದು ನೆಡು. ಕೊಂಬೆಯ ನೆರಳಿಗಾಗಿ ಜಗಳವಾಗುವುದು ಬೇಡ.

ಗುಂಡಿಗಳನ್ನು ಬೇಸಿಗೆಯಲ್ಲೇ ತೆಗೆಸಿ ಬಿಸಿಲು ಕಾಯಲು ಬಿಡು. ಗೆದ್ದಲಿಗೆ ಬೇವಿನ ಹಿಂಡಿ ಹಾಕು. ಆಳೆತ್ತರದ ಸಸಿಗೆ ಮರುಳಾಗಬೇಡ, ಅದರ ಬೇರು ಪ್ಲಾಸ್ಟಿಕ್ ಚೀಲದಲ್ಲೇ ಸುತ್ತಿಕೊಂಡಿರುತ್ತದೆ. ಮೊಣಕಾಲೆತ್ತರದ್ದು ಸಾಕು, ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹೆಸರು ಬರೆಸಿದರೆ ಬದುಕುಳಿದ ಸಸಿಗೆ ಹಣವೂ ಬರುತ್ತದೆ, ಯಾವ ಯಾವ ಜಾತಿಗೆ ಅಂತ ಅಲ್ಲೇ ಕೇಳು. ಆ ಸೀಮೆಗೆ ಒಳ್ಳೆಯ ಮಳೆ ಹಿಂಗಾರಿನ ಹೊತ್ತಿಗೆ. ಉತ್ತರೆ ಮಳೆಗೆ ನೆಟ್ಟರೆ ಗಾಳಿಯೂ ಇಳಿದಿರುತ್ತದೆ, ಬರುವ ಆಷಾಢದೊಳಗೆ ಬೇರು ಹಿಡಿದಿರುತ್ತದೆ. ಬೇಸಿಗೆಗೆ ಮಾತ್ರ ಡ್ರಿಪ್ ತಪ್ಪಿಸಬೇಡ. ಕೋಲನ್ನು ಸಡಿಲವಾಗಿ ಕಟ್ಟು, ಗಾಳಿಗೆ ಅಷ್ಟಿಷ್ಟು ಅಲುಗಾಡಿದ ಗಿಡದ ಕಾಂಡವೇ ದಪ್ಪವಾಗುವುದು. ಮರ ದೊಡ್ಡದಾದ ಮೇಲೆ ಯಾರಾದರೂ ಬಂದು ನೋಡಲು ಚೆಂದ ಅಂತ ಕೆಳಗಿನ ಕೊಂಬೆ ಸವರುತ್ತೇವೆಂದರೆ ಖಂಡಿತ ಒಪ್ಪಬೇಡ.

ಈ ವರ್ಷ ಬಾಳೆಕಂದಿಗೆ ಮುಂಗಡ ಕೊಡಬೇಡ ತಮ್ಮಾ. ತೊಗರಿ, ಸಜ್ಜೆ ಬಿತ್ತಿಕೊಂಡು, ಮೊದಲು ಪಡುವಣ ಸಾಲಿನ ಗುಂಡಿ ತೆಗೆಸು.