ಕೇಬಲ್ ಕಿತ್ತ ಮೇಲೂ ಉಳಿಯುವ ಲೆಕ್ಕ

ಲಿನಕ್ಸ್‌ಗೆ ಡ್ರೈವರ್ ಬರೆಯುವವರಿಗೊಂದು ಕಿವಿಮಾತು: ಸಾಧನ ಹೋದ ಗಳಿಗೆಯೂ ಅದರ ಮೆಮೊರಿ ಬಿಡಬೇಕಾದ ಗಳಿಗೆಯೂ ಒಂದೇ ಅಲ್ಲ. ಯುಎಸ್‌ಬಿ ಕೇಬಲನ್ನು ಯಾರೋ ಎಳೆದರು ಅನ್ನಿ. ಡಿಸ್ಕನೆಕ್ಟ್ ಫಂಕ್ಷನ್ ಮುಗಿದರೂ, ಆ ಸಾಧನದ ಫೈಲ್ ತೆರೆದಿಟ್ಟ ಪ್ರೋಗ್ರಾಂ ಇನ್ನೂ ಓದಲು ಬರಬಹುದು. ಅಷ್ಟರಲ್ಲಿ ಸಾಧನದ ಸ್ಟ್ರಕ್ಚರನ್ನು ಕೆ-ಫ್ರೀ ಮಾಡಿ ಮೆಮೊರಿ ಬಿಟ್ಟಿದ್ದರೆ, ಬೇರೆಯವರ ಪಾಲಾದ ಮೆಮೊರಿಗೆ ಕೈಹಾಕಿದಂತೆ. ಅದಕ್ಕೇ ರೆಫರೆನ್ಸ್ ಎಣಿಕೆ: ಗೆಟ್-ಡಿವೈಸ್ ಒಂದು ಕೂಡಿಸುತ್ತದೆ, ಪುಟ್-ಡಿವೈಸ್ ಒಂದು ಕಳೆಯುತ್ತದೆ, ಸೊನ್ನೆಗೆ ಇಳಿದಾಗ ಮಾತ್ರ ರಿಲೀಸ್ ಫಂಕ್ಷನ್ ಓಡುತ್ತದೆ. ಪ್ರತಿ ಗೆಟ್ ಪುಟ್‌ನಿಂದ ತೀರಿಸಬೇಕಾದ ಸಾಲ; ಗೆಟ್ ಎಂದು ಬರೆಯದೆಯೂ ಆ ಸಾಲ ಹುಟ್ಟುತ್ತದೆ, ಜನ ಎಡವುವುದು ಇಲ್ಲೇ. ಬಸ್-ಫೈಂಡ್-ಡಿವೈಸ್ ಹುಡುಕಿಕೊಡುವ ಸಾಧನದ ಎಣಿಕೆ ಆಗಲೇ ಒಂದು ಏರಿರುತ್ತದೆ. ಎರರ್ ಬಂದು ಅರ್ಧದಲ್ಲೇ ಹೊರಬೀಳುವಾಗಲೂ ಆ ಸಾಲವನ್ನು ತೀರಿಸಬೇಕು. ಡಿವೈಸ್-ರಿಜಿಸ್ಟರ್ ವಿಫಲವಾದರೂ ಕರೆಯಬೇಕಾದ್ದು ಪುಟ್-ಡಿವೈಸನ್ನೇ, ಕೆ-ಫ್ರೀಯನ್ನಲ್ಲ.

‘ಡೆವ್‌ಎಂ ಫಂಕ್ಷನ್‌ಗಳು ತಾವೇ ಗುಡಿಸುತ್ತವಲ್ಲ?’ ಎಂದೀರಿ. ಗುಡಿಸುತ್ತವೆ, ನಿಜ, ಆದರೆ ಡ್ರೈವರ್ ಸಾಧನದಿಂದ ಬೇರ್ಪಟ್ಟೊಡನೆ, ಕೊನೆಯ ಬಳಕೆದಾರ ಫೈಲ್ ಮುಚ್ಚುವವರೆಗೆ ಕಾಯದೆ. ತೆರೆದ ಫೈಲ್ ಮುಟ್ಟುವ ಸ್ಟ್ರಕ್ಚರನ್ನು ಅವುಗಳ ಕೈಗೆ ಕೊಡಬೇಡಿ. ಇನ್ನು, ಎಣಿಕೆ ಉಳಿಸುವುದು ಮೆಮೊರಿಯನ್ನೇ ಹೊರತು ಹಾರ್ಡ್‌ವೇರನ್ನಲ್ಲ. ಪ್ರತಿ ಓದಿಗೂ ಲಾಕ್ ಹಿಡಿದು ಸಾಧನ ಇದೆಯೇ ನೋಡಿ, ಹೋಗಿದ್ದರೆ ಇ-ನೋ-ಡೆವ್ ಎಂದು ಹಿಂದಿರುಗಿಸಿ.